ನಳಿಕೆಯ ಮೇಲಿನ ಹೆಸರು

ಮಿನ್ನಾ ಕೋಬರ್ಲಿಂಗ್ ಹೊಟ್ಟೆಕಿಚ್ಚಿನ ಹೆಂಗಸಲ್ಲ ಎಂದು ಕಾಸೆಲ್ ಊರಿನ ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. ಅದು ಮುಕ್ಕಾಲು ಪಾಲು ನಿಜವೂ ಹೌದು. ಇನ್ನೊಬ್ಬಳು ಹೊಸ ಟೋಪಿ ಹಾಕಿಕೊಂಡು ಬಂದರೆ "ಚೆನ್ನಾಗಿ ಒಪ್ಪತ್ತೆ ಕಣೇ" ಎಂದು ಮನಸಾರೆ ಹೇಳಬಲ್ಲವಳು. ಪಡಿತರದ ಬ್ರೆಡ್ಡಿನಲ್ಲಿ ಅರ್ಧ ಮುರಿದು ಪಕ್ಕದ ಮನೆಯ ಮಕ್ಕಳಿಗೆ ಕೊಡುವವಳು. ಆದರೆ ಉಳಿದ ಕಾಲು ಪಾಲು ಇತ್ತಲ್ಲ, ಅದು ಪೂರ್ತಿಯಾಗಿ ಅವಳ ಗಂಡ ಎವಾಲ್ಡನ ಪಾಲಿಗೆ ಮೀಸಲು. ಅವನು ಬೇಕರಿಯವಳ ಹತ್ತಿರ ಎರಡು ಮಾತು ಹೆಚ್ಚಿಗೆ ಆಡಿದನೋ, ಆ ತಿಂಗಳೆಲ್ಲ ಅವರ ಮನೆಗೆ ಬೇರೆ ಬೇಕರಿಯ ಬ್ರೆಡ್ಡು ಬರುತ್ತಿತ್ತು.

ಯುದ್ಧಕ್ಕೆ ಮೊದಲು ಎವಾಲ್ಡ್ ಊರಿನ ಟ್ರಾಮ್ ಓಡಿಸುತ್ತಿದ್ದ. ಎತ್ತರದ ಆಳು, ಮಾತು ಕಡಿಮೆ, ನಕ್ಕರೆ ಮಾತ್ರ ಎದುರಿನವರಿಗೂ ನಗು ಬರಬೇಕು. ದಿನಕ್ಕೆ ಎಷ್ಟು ಹೆಂಗಸರು ಟ್ರಾಮು ಹತ್ತಿ ಇಳಿಯುತ್ತಾರೆ ಎಂದು ಯೋಚಿಸಿಯೇ ಮಿನ್ನಾ ಸೊರಗಿದ್ದಳು. ಬಿಡುವಾದಾಗ ತಾನೂ ಟಿಕೆಟ್ಟು ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂತು ಗಂಡನ ಬೆನ್ನು ಕಾಯುತ್ತಿದ್ದಳು. ಸೈನ್ಯದವರು ಅವನನ್ನು ಕರೆಸಿಕೊಂಡು ಟ್ಯಾಂಕಿನ ಚಾಲಕನನ್ನಾಗಿ ಮಾಡಿದಾಗ ಮೂರು ದಿನ ಅತ್ತಳು. ಕಬ್ಬಿಣದ ಪೆಟ್ಟಿಗೆಯೊಳಗೆ ಇನ್ನು ನಾಲ್ವರು ಗಂಡಸರ ಜೊತೆ ಕೂರಬೇಕಂತೆ, ಹೆಂಗಸರ ಸುಳಿವೇ ಇರುವುದಿಲ್ಲವಂತೆ ಎಂದು ಯಾರೋ ಹೇಳಿದ ಮೇಲೆ, ದೇವರು ಕ್ಷಮಿಸಲಿ, ಕೊಂಚ ಸಮಾಧಾನವನ್ನೂ ಪಟ್ಟಳು.

ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಕಾರ್ಖಾನೆಯ ಕೆಲಸಕ್ಕೆ ಹೆಂಗಸರನ್ನು ಕರೆದರು. ಮಿನ್ನಾ ಕ್ರೇನ್ ನಡೆಸುವುದನ್ನು ಕಲಿತಳು. ಛಾವಣಿಯ ಕೆಳಗೆ ಹಳಿಯ ಮೇಲೆ ಓಡಾಡುವ ಕ್ರೇನು ಅದು. ಕಬ್ಬಿಣದ ಏಣಿ ಹತ್ತಿ ಗಾಜಿನ ಗೂಡಿನಲ್ಲಿ ಕೂತರೆ ಊಟದ ಗಂಟೆಯವರೆಗೂ ಇಳಿಯುವಂತಿಲ್ಲ. ಕೆಳಗೆ ತಯಾರಾಗುತ್ತಿದ್ದದ್ದು ಹುಲಿಯ ಹೆಸರಿಟ್ಟ ಭಾರೀ ಟ್ಯಾಂಕು. ಅದರ ತಿರುಗುವ ತಲೆಯೊಂದೇ ಹನ್ನೊಂದು ಟನ್ನು ತೂಗುತ್ತಿತ್ತು. ಆ ತಲೆಯಿಂದ ಮೂರಾಳುದ್ದದ ಫಿರಂಗಿಯ ನಳಿಕೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಗುಂಡಿನ ಅಗಲ ಎಂಬತ್ತೆಂಟು ಮಿಲಿಮೀಟರಾದ್ದರಿಂದ ಎಲ್ಲರ ಬಾಯಲ್ಲೂ ಅದು ಬರೀ 'ಎಂಬತ್ತೆಂಟು'. ಆ ತಲೆಯನ್ನು ನಳಿಕೆ ಸಮೇತ ಎತ್ತಿ, ಕಾರ್ಖಾನೆಯ ಉದ್ದಕ್ಕೂ ತೂಗಿಕೊಂಡು ಹೋಗಿ, ಮುಂಡದ ಮೇಲಿನ ದುಂಡು ಕುಳಿಗೆ ಇಳಿಸುವುದು ಮಿನ್ನಾಳ ಕೆಲಸ. ಕೆಳಗೆ ಸರಪಳಿ ಬಿಗಿಯುತ್ತಿದ್ದವರು ಪೂರ್ವದ ದೇಶಗಳಿಂದ ಹಿಡಿದು ತಂದ ಹೆಂಗಸರು, ಎದೆಯ ಮೇಲೆ ಬಟ್ಟೆಯ ಬಿಲ್ಲೆ ಹೊಲಿಸಿಕೊಂಡವರು. ಅವರಿಗೆ ನೀರು ನೀರಾದ ಗೆಡ್ಡೆಯ ಸಾರು ಬಿಟ್ಟರೆ ಬೇರೆ ಗತಿಯಿರಲಿಲ್ಲ. ವರ್ಷಗಟ್ಟಲೆ ಅವರ ತಲೆಗಳನ್ನು ಮೇಲಿನಿಂದ ನೋಡಿದ ಮಿನ್ನಾ ಒಬ್ಬಳ ಹೆಸರನ್ನೂ ಕೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ನಲವತ್ತಮೂರರ ಬೇಸಿಗೆಯಲ್ಲಿ ಎವಾಲ್ಡ್ ಊರಿಗೆ ಬಂದ. ರಜೆಗಲ್ಲ, ಹೊಸ ಟ್ಯಾಂಕು ತೆಗೆದುಕೊಂಡು ಹೋಗಲಿಕ್ಕೆ. ಆಗ ಹಾಗೊಂದು ಪದ್ಧತಿಯಿತ್ತು: ಟ್ಯಾಂಕಿನ ಐದೂ ಜನ ಕಾರ್ಖಾನೆಗೇ ಬಂದು, ತಮ್ಮ ಬಂಡಿ ತಯಾರಾಗುವವರೆಗೆ ಅಲ್ಲೇ ಇದ್ದು, ಬೋಲ್ಟು ಬಿಗಿಯುವುದರಿಂದ ಹಿಡಿದು ಎಲ್ಲದಕ್ಕೂ ಕೈಜೋಡಿಸುತ್ತಿದ್ದರು. ತಾವೇ ಕಟ್ಟಿದ ಬಂಡಿ ಕೆಟ್ಟರೆ ತಾವೇ ರಿಪೇರಿ ಮಾಡಿಕೊಳ್ಳಬಲ್ಲರು ಎನ್ನುವ ಲೆಕ್ಕ. ಗಂಡ ತನ್ನ ಕ್ರೇನಿನ ಕೆಳಗೇ ಕೆಲಸ ಮಾಡುತ್ತಾನೆ ಎಂದು ತಿಳಿದಾಗ ಮಿನ್ನಾಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಐದೂ ಜನ ಕಾರ್ಖಾನೆಯ ಪಕ್ಕದ ಮರದ ಶೆಡ್ಡಿನಲ್ಲೇ ಮಲಗಬೇಕೆಂಬ ಅಪ್ಪಣೆಯಿತ್ತು. ಎವಾಲ್ಡ್ ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಫಿರಂಗಿಗೆ ಗುರಿಯಿಡುವ ವೆಂಡೆಲಿನ್ ಎಂಬ ಗುಂಡುಮುಖದ ಹಳ್ಳಿ ಹುಡುಗನನ್ನು ಜೊತೆಗೆ ಕಟ್ಟಿಕೊಂಡು.

ಹಂದಿಯ ಚೂರುಪಾರಿಗೆ ಹಳೆ ಬ್ರೆಡ್ಡು ಬೆರೆಸಿ ಹುರಿದದ್ದು, ಬೇಯಿಸಿದ ಆಲೂಗಡ್ಡೆ, ಉಪ್ಪುನೀರಿನ ಸೌತೆಕಾಯಿ. ತಿಂಗಳ ಕೂಪನ್ನನ್ನೆಲ್ಲ ಸುರಿದು ಅಡುಗೆ ಮಾಡಿಟ್ಟರೆ, ಇಬ್ಬರೂ ಊಟದುದ್ದಕ್ಕೂ ಟ್ಯಾಂಕಿನ ಗೇರ್‌ಬಾಕ್ಸಿನ ಗುಣಗಾನ ಮಾಡುತ್ತಿದ್ದರು.

"ಫ್ರಾವ್ ಮಿನ್ನಾ, ನಿಮ್ಮ ಗಂಡ ಸ್ಟೀರಿಂಗ್ ಹಿಡಿಯೋದು ನೋಡ್ಬೇಕು ನೀವು," ಎಂದ ವೆಂಡೆಲಿನ್, ಬಾಯ್ತುಂಬ ಆಲೂಗಡ್ಡೆ ಇಟ್ಟುಕೊಂಡು. "ಎರಡು ಬೆರಳು ಸಾಕು. ಅಷ್ಟು ದೊಡ್ಡ ಮೃಗ ಬೆಣ್ಣೆ ಥರ ತಿರುಗತ್ತೆ."

"ನನಗೆ ಒಂದು ಬೆರಳೂ ತಗಲಿಸಲ್ಲ ಅವನು," ಎಂದಳು ಮಿನ್ನಾ.

ವೆಂಡೆಲಿನ್ ಕಿವಿಯವರೆಗೂ ಕೆಂಪಾಗಿ ತಟ್ಟೆ ನೋಡಿದ. ಎವಾಲ್ಡ್ ಮೆಲ್ಲಗೆ ನಕ್ಕ. ಆ ಭಾನುವಾರ ಅವನು ಪದೇ ಪದೇ ಹಾಗೆ ತನ್ನಷ್ಟಕ್ಕೆ ನಗುತ್ತಿದ್ದ. ಏನೋ ಬಚ್ಚಿಟ್ಟುಕೊಂಡವನ ನಗು. "ಏನು ಅದು, ನನಗೂ ಹೇಳು," ಎಂದರೆ "ಹೇಳ್ತೀನಿ, ಹೇಳ್ತೀನಿ, ಅವಸರ ಮಾಡಬೇಡ" ಎಂದು ಟೋಪಿ ಹಾಕಿಕೊಂಡು ಹೊರಟ.

ಮಿನ್ನಾ ಗೂಡಿನಿಂದ ದಿನವಿಡೀ ಅವನ ಟೋಪಿಯನ್ನೇ ಹುಡುಕುತ್ತಿದ್ದಳು. ಅವನು ಟ್ಯಾಂಕಿನ ಹೊಟ್ಟೆಯೊಳಗೆ ಇಳಿಯುವುದು, ಎಣ್ಣೆ ಮೆತ್ತಿದ ಕೈ ಒರೆಸಿಕೊಂಡು ಬರುವುದು, ದಾಟುವಾಗಲೆಲ್ಲ ಅದರ ಉಕ್ಕಿನ ಪಕ್ಕೆಯನ್ನು ಅಂಗೈಯಿಂದ ಒಮ್ಮೆ ತಟ್ಟುವುದು, ಎಲ್ಲ ಕಾಣುತ್ತಿತ್ತು. ಅವಳಿಗೆ ಅದು ಯಂತ್ರವಲ್ಲ, ಸವತಿ. ಬಾಯಿಲ್ಲದ ಸವತಿಯ ಜೊತೆ ಜಗಳವಾಡುವುದಾದರೂ ಹೇಗೆ?

ಇನ್ನು ಟ್ರೂಡೆಯ ವಿಷಯ. ಕಾರ್ಖಾನೆಯ ಊಟದ ಮನೆಯಲ್ಲಿ ಸಾರು ಬಡಿಸುತ್ತಿದ್ದ ಈ ದಪ್ಪ ಹೆಂಗಸಿನ ಗಂಡ ಯುಸ್ಟುಸ್ ಕೂಡ ಟ್ಯಾಂಕಿನ ಚಾಲಕ; ಎವಾಲ್ಡನದೇ ಪಡೆ, ಬೇರೆ ಬಂಡಿ. ಅವನೂ ಅದೇ ಕೆಲಸಕ್ಕೆ ಬಂದು ಅದೇ ಶೆಡ್ಡಿನಲ್ಲಿದ್ದ. ಒಂದು ಮಧ್ಯಾಹ್ನ ಮಿನ್ನಾಳ ಬಟ್ಟಲಿಗೆ ಸೌಟು ಇಳಿಸುತ್ತಾ ಟ್ರೂಡೆ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು:

"ಇವತ್ತು ನೀನು ಎತ್ತಿದ್ಯಲ್ಲೇ ಮಿನ್ನಾ, ಆ ತಲೆ, ನಳಿಕೆ ನೋಡಿದ್ಯಾ? ನನ್ನ ಹೆಸರು ಕಣೇ! ಟ್ರೂಡೆ ಅಂತ, ಇಷ್ಟಿಷ್ಟುದ್ದ ಅಕ್ಷರ. ನಮ್ಮೋನು ಹಟ ಮಾಡಿ ಬರೆಸಿದಾನೆ. ನಮ್ಮ ಟ್ರೂಡೆ ಬಾಯಿ ತೆಗೆದ್ರೆ ಶತ್ರು ಓಡ್ತಾನೆ ಅಂತಾನೆ, ತುಂಟ."

"ಅದು ನಿಜಾನೇ," ಎಂದಳು ಮಿನ್ನಾ.

ಸಾಲಿನವರೆಲ್ಲ ನಕ್ಕರು. ಟ್ರೂಡೆಯೂ ನಕ್ಕಳು, ಅವಳಿಗೆ ಅದು ತಾಕಲೇ ಇಲ್ಲ. ಫಿರಂಗಿಗೆ ಹೆಣ್ಣಿನ ಹೆಸರಿಡುವುದು ಆ ಪಡೆಗಳಲ್ಲಿ ಇದ್ದದ್ದೇ, ಮಿನ್ನಾಗೂ ಗೊತ್ತಿತ್ತು. ತಾನೇ ತನ್ನ ಕೈಯಾರ ಟ್ರೂಡೆಯ ಹೆಸರನ್ನು ಕಾರ್ಖಾನೆಯ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಮಾಡಿದೆನಲ್ಲ ಎಂದು ಅವಳು ಸಾರಿನ ಬಟ್ಟಲನ್ನು ಅರ್ಧಕ್ಕೇ ಸರಿಸಿದಳು. ಆದರೂ ಒಂದು ಆಸೆ ಹುಟ್ಟಿತು. ಎವಾಲ್ಡನ ಬಂಡಿಯ ತಲೆ ಇನ್ನೂ ಬಂದಿರಲಿಲ್ಲ. ಭಾನುವಾರದ ಆ ಕಳ್ಳನಗುವಿಗೆ ಅರ್ಥ ಇದೇ ಇರಬೇಕು. ಮಿನ್ನಾ ಅಂತ ಬರೆಯುತ್ತಾನೆ, ನಾನೇ ಎತ್ತುವಾಗ ನೋಡಲಿ ಅಂತ ಬಚ್ಚಿಟ್ಟಿದ್ದಾನೆ.

ಸೋಮವಾರ ಆ ತಲೆ ಬಂತು. ಮಿನ್ನಾ ಬೆಳಿಗ್ಗೆಯೇ ತಲೆಗೂದಲನ್ನು ಎರಡೆರಡು ಸಲ ಬಾಚಿಕೊಂಡು ಬಂದಿದ್ದಳು. ಕೊಕ್ಕೆ ಇಳಿಸಿದಳು, ಹೆಂಗಸರು ಸರಪಳಿ ಬಿಗಿದರು, ಸೀಟಿ ಕೂಗಿತು, ಭಾರ ಮೆಲ್ಲಗೆ ನೆಲ ಬಿಟ್ಟಿತು. ನಳಿಕೆ ಅವಳ ಕಡೆಗೇ ತಿರುಗಿಕೊಂಡು ಮೇಲೆ ಬಂತು. ಅದರ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ, ಇನ್ನೂ ಬಣ್ಣ ಹಚ್ಚಿರದ ದೊಡ್ಡ ಅಕ್ಷರಗಳಲ್ಲಿ, ಆಲ್ಮಾ ಎಂದು ಬರೆದಿತ್ತು.

ಅಕ್ಷರ ಎವಾಲ್ಡನದೇ. ಟ್ರಾಮಿನ ಡಿಪೋದಲ್ಲಿ ಬೋರ್ಡು ಬರೆಯಲಿಕ್ಕೆ ಅವನನ್ನೇ ಕರೆಯುತ್ತಿದ್ದರು; ಕೊನೆಯ ಅಕ್ಷರಕ್ಕೆ ಅವನೊಂದು ಬಾಲ ಎಳೆಯುತ್ತಿದ್ದ. ಅದೂ ಇತ್ತು. ಮಿನ್ನಾಗೆ ಮೈಯೆಲ್ಲ ಉರಿದುಹೋಯಿತು. ಕೈ ಹಿಡಿಕೆಯ ಮೇಲೆಯೇ ನಿಂತಿತು. ಹನ್ನೊಂದು ಟನ್ನಿನ ಉಕ್ಕು ಗಾಳಿಯಲ್ಲಿ ತೂಗಾಡಿತು, ಕೆಳಗಿದ್ದ ಹೆಂಗಸರು ಕಿರುಚಿ ಚದುರಿದರು, ಮೇಲ್ವಿಚಾರಕ ಸೀಟಿ ಊದಿ ಊದಿ ಕೆಂಪಾದ. ಅವಳು ಎಚ್ಚೆತ್ತು ತಲೆಯನ್ನು ಅದರ ಜಾಗಕ್ಕೆ ಇಳಿಸಿದಳು. ಹೇಗೆ ಇಳಿಸಿದಳೋ ಅವಳಿಗೇ ತಿಳಿಯದು. ಕೆಳಗೆ ಎವಾಲ್ಡ್ ಮೇಲೆ ನೋಡಿ ಕೈ ಬೀಸಿದ. ನಾಚಿಕೆಗೆಟ್ಟವನು, ಕೈ ಬೇರೆ ಬೀಸುತ್ತಾನೆ!

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಆ ಸಂಜೆಯೊಳಗೆ ಆಲ್ಮಾ ಎಂಬವಳಿಗೆ ಮಿನ್ನಾ ಮುಖ ಕೊಟ್ಟಳು, ಮೈ ಕೊಟ್ಟಳು, ಹಳದಿ ಜಡೆ ಕೊಟ್ಟಳು. ತರಬೇತಿಗೆ ಹೋದ ಊರಿನಲ್ಲಿ ಸಿಕ್ಕಿರಬೇಕು. ನಗುತ್ತಿದ್ದದ್ದು ಅವಳನ್ನು ನೆನೆದೇ. ರಜೆ ಕಡಿಮೆ ಸಿಕ್ಕಿತು ಎನ್ನುತ್ತಿದ್ದನಲ್ಲ, ಉಳಿದ ರಜೆ ಎಲ್ಲಿ ಕಳೆದನೋ! ಶೆಡ್ಡಿಗೆ ಹೋಗಿ ನೇರವಾಗಿ ಕೇಳಿದ್ದರೆ ಒಂದೇ ನಿಮಿಷದ ಮಾತು. ಆದರೆ ಹಾಗೆ ಕೇಳುವವಳಾಗಿದ್ದರೆ ಅವಳು ಮಿನ್ನಾ ಅಲ್ಲ. ಅವನಾಗಿಯೇ ಬಾಯಿಬಿಡಲಿ, ಕಾಲಿಗೆ ಬೀಳಲಿ ಎಂದು ಕಾದಳು. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡವರು ಬಾಗಿಲನ್ನೂ ಮುಚ್ಚಿಕೊಳ್ಳುತ್ತಾರೆ, ಇದು ನಾನು ಬಹಳ ಜನರಲ್ಲಿ ಕಂಡ ಮಾತು.

ಮರುದಿನವೇ ಡಿಪ್ಪೆಲ್ ಮೇಸ್ತ್ರಿ ಅವಳನ್ನು ಕರೆದ. ತಯಾರಾದ ಟ್ಯಾಂಕುಗಳನ್ನು ಓಡಿಸಿ ಪರೀಕ್ಷಿಸುವ ಮೈದಾನಕ್ಕೆ ಈ ಮುದುಕ ಯಜಮಾನ. ಮಿನ್ನಾಳ ತಂದೆಯ ಜೊತೆ ಕೆಲಸ ಮಾಡಿದವನು, ಅವಳ ಮದುವೆಯಲ್ಲಿ ಉಂಡವನು.

"ಕೂತ್ಕೋ ಮಿನ್ನಾ," ಎಂದ. "ಒಂದು ಮಾತು. ನನ್ನ ಹತ್ತಿರ ಬಂಡಿ ಓಡಿಸ್ತಿದ್ದ ಒಬ್ಬ ಬೆನ್ನು ಮುರ್ಕೊಂಡ. ಸೈನ್ಯದಿಂದ ಒಬ್ಬ ಡ್ರೈವರ್ನ ಇಲ್ಲೇ ಉಳಿಸ್ಕೊಳ್ಳೋಕೆ ನನಗೆ ಅನುಮತಿ ಸಿಕ್ಕಿದೆ. ಒಬ್ಬನೇ. ನಿನ್ನ ಗಂಡನ್ನ ಕೇಳೋಣ ಅಂತ ಇದೀನಿ. ಏನಂತೀಯ?"

ಮಿನ್ನಾ ಉಗುರಿನ ಎಣ್ಣೆ ಕೆರೆಯುತ್ತಾ ಕೂತಿದ್ದಳು.

"ಊರಲ್ಲೇ ಇರ್ತಾನೆ. ರಾತ್ರಿ ಮನೆಗೆ ಬರ್ತಾನೆ. ಯುದ್ಧ ಮುಗಿಯೋವರ್ಗೂ," ಎಂದು ಮುದುಕ ಬಿಡಿಸಿ ಹೇಳಿದ, ಅವಳಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡು. "ಕೆಲವರು ಹೇಡಿ ಅಂತಾರೆ, ಅದಕ್ಕೇ ಮೊದಲು ನಿನ್ನ ಕೇಳಿದ್ದು. ಹೆಂಡತಿಗೆ ಇಷ್ಟ ಇಲ್ದೆ ನಾನು ಕೈ ಹಾಕಲ್ಲ."

ಯಾವ ಹೆಂಗಸಾದರೂ ಆ ಮುದುಕನ ಕೈಗೆ ಮುತ್ತಿಡಬೇಕಾದ ಗಳಿಗೆ ಅದು. ಮಿನ್ನಾಳ ಕಣ್ಣ ಮುಂದೆ ಮಾತ್ರ ಸೀಮೆಸುಣ್ಣದ ಅಕ್ಷರ ಕುಣಿಯುತ್ತಿತ್ತು. ರಾತ್ರಿ ಮನೆಗೆ ಬಂದು, ನನ್ನ ಮಂಚದ ಮೇಲೆ ಮಲಗಿ, ಅವಳನ್ನು ನೆನೆದು ನಗುತ್ತಾನೆ. ಯುದ್ಧ ಮುಗಿಯುವವರೆಗೂ.

"ಬೇಡ ಮೇಸ್ತ್ರಿಗಳೇ," ಎಂದಳು. "ಹೋಗಲಿ ಅವನು."

"ಯೋಚ್ನೆ ಮಾಡಿ ಹೇಳಮ್ಮ."

"ಮಾಡಿದೀನಿ. ಅವನಿಗೆ ಬೇಕಾದೋರು ಇಲ್ಲಿಲ್ಲ, ಅಲ್ಲೇ ಎಲ್ಲೋ ಇದಾರೆ. ಅವನನ್ನ ಕಟ್ಟಿಹಾಕಿ ನನಗೇನಾಗಬೇಕು? ನನಗೆ ಅವನು ಬೇಡ ಅಂತಲೇ ತಿಳ್ಕೊಳ್ಳಿ."

ಮುದುಕನೋ, ಗಂಡಹೆಂಡಿರ ನಡುವೆ ಮೂಗು ತೂರಿಸಬಾರದು ಎನ್ನುವ ಹಳೇ ಕಾಲದವನು. "ಆಗಲಿ," ಎಂದು ಕನ್ನಡಕ ಹಾಕಿಕೊಂಡ. ಅವಳು ಏಣಿ ಹತ್ತಿ ಗೂಡಿಗೆ ಹೋದಳು. ಆ ಮಧ್ಯಾಹ್ನವೆಲ್ಲ ಅವಳಿಗೆ ಒಂದು ಥರದ ಸುಖವೇ ಇತ್ತು. ತುರಿಯನ್ನು ರಕ್ತ ಬರುವ ಹಾಗೆ ಕೆರೆದುಕೊಂಡಾಗ ಆಗುತ್ತದಲ್ಲ, ಆ ಸುಖ. ಎರಡು ದಿನದ ಮೇಲೆ ಟ್ರೂಡೆ ಸಾರಿನ ಸೌಟು ಬಿಟ್ಟು ಓಡಿಬಂದು, ಯುಸ್ಟುಸನನ್ನು ಮೈದಾನದ ಕೆಲಸಕ್ಕೆ ಉಳಿಸಿಕೊಂಡರು ಎಂದು ಅಳುತ್ತಾ ನಗುತ್ತಾ ಎಲ್ಲರನ್ನೂ ತಬ್ಬಿಕೊಂಡಳು. ಮಿನ್ನಾಳನ್ನೂ ತಬ್ಬಿದಳು. ಮಿನ್ನಾ ಕಂಬದ ಹಾಗೆ ನಿಂತಿದ್ದಳು.

ಆ ಭಾನುವಾರ ಎವಾಲ್ಡ್ ಊಟಕ್ಕೆ ಬರಲಿಲ್ಲ. ಕೆಲಸ ಇದೆ ಎಂದು ಹೇಳಿ ಕಳಿಸಿದ. ನೋಡಿದೆಯಾ, ಎಂದುಕೊಂಡಳು ಮಿನ್ನಾ, ಈಗ ಊಟವೂ ಬೇಡವಾಯಿತು.

ಟ್ಯಾಂಕುಗಳನ್ನು ರೈಲಿಗೆ ಹತ್ತಿಸುವ ದಿನ ಅವಳು ಕಾರ್ಖಾನೆಯ ಹಿಂದಿನ ಹಳಿಗಳ ಹತ್ತಿರ ಹೋದಳು. ಒಗೆದ ಎರಡು ಅಂಗಿ ಕೊಡುವ ನೆಪ, ಒಳಗಿದ್ದದ್ದು ಬೇರೆ. ಎಲ್ಲರೆದುರಿಗೆ ಆ ಹೆಸರೆತ್ತಿ ಅವನ ಮುಖ ನೋಡಬೇಕು, ಅಷ್ಟಾದರೆ ಸಾಕು. ಅಲ್ಲಿ ಗಂಡಸರು ಬೆವರಿ ನೀರಾಗಿದ್ದರು. ಈ ಮೃಗ ರೈಲು ಹತ್ತಬೇಕಾದರೆ ಅದರ ಗಾಲಿಗಳಿಗೆ ಸುತ್ತಿದ ಅಗಲವಾದ ಉಕ್ಕಿನ ಪಟ್ಟಿಗಳನ್ನು ಕಳಚಿ, ಹೊರಸಾಲಿನ ಗಾಲಿಗಳನ್ನೂ ಬಿಚ್ಚಿ, ಕಿರಿದಾದ ಪಟ್ಟಿ ತೊಡಿಸಬೇಕು. ಇಲ್ಲದಿದ್ದರೆ ವ್ಯಾಗನ್ನಿನಿಂದ ಆಚೆ ಚಾಚಿ ಎದುರು ಬರುವ ರೈಲಿಗೆ ಬಡಿಯುತ್ತದೆ. ಎವಾಲ್ಡ್ ಅವಳನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ. ವೆಂಡೆಲಿನ್ ಮಾತ್ರ ಎಣ್ಣೆಗೈ ಎತ್ತಿ ಕೂಗಿದ. ಅವನ ತಲೆಯ ಮೇಲೆ ನಳಿಕೆಯಲ್ಲಿ ಆ ಹೆಸರು ಈಗ ಬಿಳಿ ಬಣ್ಣದಲ್ಲಿ ಹೊಳೆಯುತ್ತಿತ್ತು.

"ವೆಂಡೆಲಿನ್," ಎಂದಳು ಮಿನ್ನಾ, ಗಂಡನಿಗೆ ಕೇಳುವ ಹಾಗೆ, "ಯಾರಪ್ಪಾ ಈ ಆಲ್ಮಾ? ನಮಗೂ ಪರಿಚಯ ಮಾಡ್ಸು. ಬಹಳ ಚೆಲುವೆ ಇರಬೇಕು."

"ಆಲ್ಮಾನಾ?" ಹುಡುಗನ ಮುಖ ಅರಳಿತು. "ಅಯ್ಯೋ ಫ್ರಾವ್ ಮಿನ್ನಾ, ನೋಡ್ಬೇಕು ನೀವು ಅವಳನ್ನ! ಕಂದು ಮೈ, ಇಷ್ಟಿಷ್ಟು ದೊಡ್ಡ ಕಣ್ಣು. ನಮ್ಮೂರ ಸಂತೆಯಲ್ಲಿ ಎರಡು ಸಲ ಬಹುಮಾನ ತಗೊಂಡಿದಾಳೆ. ಎರಡು ಕೊಂಬೂ ಒಂದೇ ಸಮ!"

"ಕೊಂಬಾ?"

"ನಮ್ಮಮ್ಮನ ಹಸು. ಮತ್ತೇನು, ಹುಡುಗಿ ಅಂದ್ಕೊಂಡ್ರಾ?"

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಸುತ್ತಿಗೆ ಹಿಡಿದಿದ್ದ ಒಬ್ಬ ನಕ್ಕು ನಕ್ಕು ವ್ಯಾಗನ್ನಿಗೆ ಒರಗಿದ. ವೆಂಡೆಲಿನ್ ನಗುವಿನ ನಡುವೆಯೇ ಹೇಳಿದ: "ನಿಮ್ಮ ಹೆಸರೇ ಬರಿಯೋಣ ಅಂತ ನಾವೆಲ್ಲ ಹೇಳಿದ್ವಿ. ನಾನು ಬರಿಯೋಕೂ ಹೊರಟಿದ್ದೆ. ಇವನು ನನ್ನ ಕೈಯಿಂದ ಸೀಮೆಸುಣ್ಣ ಕಿತ್ಕೊಂಡ. ಬಂಡಿ ಸುಟ್ಟಾಗ ಹೆಸರೂ ಸುಡತ್ತೆ, ನನ್ನ ಹೆಂಡತಿ ಹೆಸರು ಅದರ ಮೇಲೆ ಬೇಡ, ಬೇಕಾದ್ರೆ ನಿನ್ನ ಹಸೂದು ಬರೀತೀನಿ ಅಂದ. ಹಳೇ ಚಾಲಕರೆಲ್ಲ ಹಾಗೇ, ಹೆಂಡತಿ ಹೆಸರು ನಳಿಕೆ ಮೇಲೆ ಹಾಕಲ್ಲ. ಆ ಯುಸ್ಟುಸ್ ಒಬ್ಬ ತಿಕ್ಕಲ."

ಮಿನ್ನಾಳ ಕೈಯಲ್ಲಿದ್ದ ಅಂಗಿಗಳು ಜಲ್ಲಿಕಲ್ಲಿನ ಮೇಲೆ ಬಿದ್ದವು. ಎವಾಲ್ಡ್ ಬಂದು ಎತ್ತಿಕೊಂಡ. ಅವಳ ತೋಳು ಹಿಡಿದು ವ್ಯಾಗನ್ನಿನ ಮರೆಗೆ ಕರೆದುಕೊಂಡು ಹೋದ. ಅವನು ನಗುತ್ತಿರಲಿಲ್ಲ.

"ಹಸು ಅಂತ ನನಗೆ ಗೊತ್ತಿರಲಿಲ್ಲ ಎವಾಲ್ಡ್," ಎಂದಳು. "ನಿನ್ನ ಅಕ್ಷರ ನೋಡ್ದೆ. ಯಾರೋ ಅಂದ್ಕೊಂಡೆ."

ಅವನು ಅಂಗಿಯ ಮೇಲಿನ ಧೂಳು ಕೊಡವಿ ಮಡಿಚಿದ.

"ಡಿಪ್ಪೆಲ್ ಮೇಸ್ತ್ರಿ ಹತ್ರ ನಾನೇ ಹೋಗಿದ್ದೆ," ಎಂದ ಆಮೇಲೆ. "ನನ್ನ ಉಳಿಸ್ಕೊಳ್ಳಿ ಅಂತ ಬೇಡ್ಕೊಂಡೆ. ಹೇಡಿ ಅಂದ್ರೂ ಅನ್ಲಿ ಅಂದೆ. ಅವಳಿಗೆ ಹೇಳಬೇಡಿ, ಆದ್ಮೇಲೆ ನಾನೇ ಹೇಳ್ತೀನಿ, ಅವಳ ಮುಖ ನೋಡ್ಬೇಕು ಅಂದಿದ್ದೆ. ಅವರು ಬಂದು, ನಿನ್ನ ಹೆಂಡತಿಗೆ ನೀನು ಬೇಡ್ವಂತೆ ಕಣಪ್ಪಾ ಅಂದ್ರು."

"ಎವಾಲ್ಡ್..."

"ಒಂದು ಹಸೂಗೋಸ್ಕರವೇನೇ ಮಿನ್ನಾ?"

ಅವಳು ಓಡಿದಳು. ಹಳಿ ದಾಟಿ, ಕಲ್ಲಿದ್ದಲ ರಾಶಿ ದಾಟಿ, ಮೈದಾನದವರೆಗೂ ಮರದ ಅಟ್ಟೆಯ ಬೂಟಿನಲ್ಲಿ ಓಡಿದಳು. ಡಿಪ್ಪೆಲ್ ಮೇಸ್ತ್ರಿ ಬೇಲಿಯ ಹತ್ತಿರ ನಿಂತಿದ್ದ. ಒಳಗೆ ಯುಸ್ಟುಸ್ ಒಂದು ಟ್ಯಾಂಕನ್ನು ಕೆಸರಿನಲ್ಲಿ ಸುತ್ತು ಹಾಕಿಸುತ್ತಿದ್ದ. ಅವಳು ಏದುಸಿರಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನೆಲ್ಲ ಮುದುಕ ಕಿವಿಗೊಟ್ಟು ಕೇಳಿದ.

"ಒಬ್ಬನೇ ಅಂದಿದ್ದೆ ಅಲ್ವೇನಮ್ಮ," ಎಂದ. "ಮೇಲಿನವರು ಮೊಹರು ಒತ್ತಿ ಕಳ್ಸಿಯಾಯ್ತು. ಈಗ ಅವನನ್ನ ಇಳಿಸಿ ಇವನನ್ನ ಹತ್ತಿಸು ಅಂದ್ರೆ ನಡೆಯತ್ತಾ?" ಆಮೇಲೆ, ಅವನಿಗೂ ಸಿಟ್ಟು ಬಂದಿತ್ತು: "ನಿನ್ನ ಬಾಯಿಂದಾನೇ ಕೇಳಿದ್ನಲ್ಲ ನಾನು!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅವಳು ವಾಪಸು ಬರುವಷ್ಟರಲ್ಲಿ ರೈಲು ಹೊರಟಿತ್ತು. ವ್ಯಾಗನ್ನುಗಳ ಮೇಲೆ ಟಾರ್ಪಾಲು ಹೊದ್ದ ಟ್ಯಾಂಕುಗಳು ಒಂದರ ಹಿಂದೊಂದು ಸರಿದು ಹೋದವು. ಯಾವುದು ಅವನದು ಎಂದು ಗುರುತು ಸಿಗಲಿಲ್ಲ.

ಅವಳು ಕ್ಷಮೆ ಕೇಳಿ ಬರೆದದ್ದಕ್ಕೆ ಬಹಳ ದಿನ ಉತ್ತರವಿರಲಿಲ್ಲ. ಅಕ್ಟೋಬರಿನಲ್ಲಿ ವಿಮಾನಗಳು ಬಂದು ಬಾಂಬು ಸುರಿಸಿ ಊರು ಸುಟ್ಟುಹೋಯಿತು, ಅವರ ಮನೆಯೂ ಹೋಯಿತು. ಮಿನ್ನಾ ನೆಲಮಾಳಿಗೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದಳು. ಅದಾದ ಮೇಲೆ ಒಂದು ಕಾರ್ಡು ಬಂತು. ಬದುಕಿದ್ದೀಯ ಎಂದು ತಿಳಿದು ಸಂತೋಷ ಎಂದಿತ್ತು. ಕೆಳಗೆ, ಆಲ್ಮಾ ಕರು ಹಾಕಿದಳಂತೆ, ವೆಂಡೆಲಿನ್ ನಿನಗೆ ತಿಳಿಸಲು ಹೇಳಿದ, ಎಂದು ಒಂದು ಸಾಲು. ಅದು ಮನ್ನಿಸಿದ ಗಂಡನ ತಮಾಷೆಯೋ, ಚುಚ್ಚಿದ ಮುಳ್ಳೋ? ಒಂದು ದಿನ ಹೀಗೆ ಅನಿಸಿದರೆ ಇನ್ನೊಂದು ದಿನ ಹಾಗೆ. ಕೇಳೋಣವೆಂದರೆ ಅವನು ಬರಲೇ ಇಲ್ಲ. ಮರುವರ್ಷದ ಬೇಸಿಗೆಯಲ್ಲಿ, ಪೂರ್ವದ ಯಾವುದೋ ಜೌಗು ನೆಲದಲ್ಲಿ, ಬಂಡಿಯೊಂದಿಗೆ ಐದೂ ಜನ ಸುಟ್ಟುಹೋದರು.

ಸುದ್ದಿ ಬಂದ ಮರುದಿನವೂ ಅವಳು ಕ್ರೇನ್ ಹತ್ತಿದಳು. ಕೆಳಗೆ ಸರಪಳಿ ಬಿಗಿಯುತ್ತಿದ್ದ ಬಿಲ್ಲೆಯ ಹೆಂಗಸರಲ್ಲಿ ಒಬ್ಬಳು ಮೇಲೆ ನೋಡಿದಳು, ಮಿನ್ನಾಳ ಅತ್ತ ಮುಖ ಕಂಡು ಹಾಗೇ ನಿಂತಳು. ನಳಿಕೆ ಅವಳ ತಲೆಯ ಮೇಲೆಯೇ ತೂಗುತ್ತಿತ್ತು. ಇವಳಿಗೂ ಗಂಡ ಇದ್ದಿರಬೇಕು, ನಾನು ಎತ್ತಿ ಎತ್ತಿ ಕೂರಿಸಿದ ನಳಿಕೆಗಳಲ್ಲಿ ಯಾವುದು ಅವನ ಕಡೆ ತಿರುಗಿತೋ ಎಂದು ಮಿನ್ನಾಗೆ ಮೊದಲ ಸಲ ಅನಿಸಿದ್ದು ಆಗ. ಬಹಳ ತಡವಾಗಿಯೇ ಅನಿಸಿತು. ಸೀಟಿ ಕೂಗಿತು, ಇಬ್ಬರೂ ಕೆಲಸಕ್ಕೆ ಹೊರಳಿದರು.

ಯುದ್ಧ ಮುಗಿದ ಮೇಲೆ ಊರನ್ನು ಮತ್ತೆ ಕಟ್ಟಿದರು. ಹೊಸ ಕಟ್ಟಡಗಳಲ್ಲಿ ಮನೆ ಹಂಚುವಾಗ ಮಿನ್ನಾಗೆ ಸಿಕ್ಕಿದ ಮನೆಯ ಗೋಡೆಯಾಚೆಗೆ ಟ್ರೂಡೆ ಮತ್ತು ಯುಸ್ಟುಸ್ ಬಂದರು. ಗೋಡೆ ಬಲು ತೆಳು. ಭಾನುವಾರ ಮಧ್ಯಾಹ್ನ ಊಟ ಮಾಡಿ ಯುಸ್ಟುಸ್ ಮಲಗಿದನೆಂದರೆ ಅವನ ಗೊರಕೆ ಮಿನ್ನಾಳ ಅಡುಗೆಮನೆಯ ಲೋಟಗಳನ್ನು ಅದುರಿಸುತ್ತಿತ್ತು. ಅವಳು ಪಾತ್ರೆ ತೊಳೆಯುವುದನ್ನು ಬಿಟ್ಟು ಕೂತು ಕೇಳುತ್ತಿದ್ದಳು. ಆ ಗೊರಕೆ ನನ್ನ ಮನೆಯದು, ನಾನೇ ಎತ್ತಿ ಅವಳ ಮಡಿಲಿಗೆ ಹಾಕಿದ್ದು ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಯುಸ್ಟುಸನಿಗೆ ಬೊಜ್ಜು ಬಂದರೆ ಉರಿ, ಅವನ ತಲೆ ಬೋಳಾದರೆ ಉರಿ, ಮೆಟ್ಟಿಲ ಮೇಲೆ ಟ್ರೂಡೆಗೆ ಬೈಯುತ್ತಾ ಕಲ್ಲಿದ್ದಲು ಹೊತ್ತು ತಂದರೆ ಇನ್ನೂ ಉರಿ. ಎವಾಲ್ಡನಿಗೆ ಬೋಳಾಗುವ ಭಾಗ್ಯವೂ ಸಿಗಲಿಲ್ಲವಲ್ಲ! ಬೇರೆ ಮದುವೆಯನ್ನು ಅವಳು ಮಾಡಿಕೊಳ್ಳಲಿಲ್ಲ. ಕ್ರೇನನ್ನೂ ಬಿಡಲಿಲ್ಲ, ಈಗ ಕೆಳಗೆ ರೈಲ್ವೆ ಎಂಜಿನ್ನು, ಲಾರಿ.

ಪ್ರತಿ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ಭಾನುವಾರ, ಚರ್ಚಿನ ಗೋಡೆಗೆ ಹಾಕಿದ ಹೆಸರುಗಳ ಕಲ್ಲಿಗೆ ಅವಳು ಹಸಿರು ಕೊಂಬೆ ಇಡಲು ಹೋಗುತ್ತಿದ್ದಳು. ಟ್ರೂಡೆ ತಪ್ಪದೆ ಜೊತೆಗೆ ಬರುತ್ತಿದ್ದಳು. ಇಬ್ಬರಿಗೂ ಅರವತ್ತು ದಾಟಿದ್ದ ಒಂದು ವರ್ಷ, ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾ ಟ್ರೂಡೆ ಎಂದಳು:

"ಒಂದು ಮಾತು ಹೇಳ್ಲೇನೇ? ನಿನ್ನ ಕಂಡ್ರೆ ನನಗೆ ಇಷ್ಟು ವರ್ಷ ಹೊಟ್ಟೆಕಿಚ್ಚು ಕಣೇ."

"ನನ್ನ ಕಂಡ್ರಾ?"

"ಹೂಂ ಮತ್ತೆ. ನಿನ್ನ ಗಂಡನ್ನೇ ಮೊದಲು ಕರೆದಿದ್ರಂತೆ, ಅವನು ಬೇಡ ಅಂದು ಹೋದನಂತೆ, ಡಿಪ್ಪೆಲ್ ಮೇಸ್ತ್ರಿ ಸಾಯೋ ಮುಂಚೆ ಹೇಳಿದ್ರು. ಗಂಡಸು ಅಂದ್ರೆ ಅವನು. ನನ್ನದಿದೆಯಲ್ಲ, ಊರೆಲ್ಲ ಇವತ್ತಿಗೂ ಬೆನ್ನ ಹಿಂದೆ ಹೇಡಿ ಅನ್ನತ್ತೆ. ಕುಡಿದು ಬರತ್ತೆ, ಗೊರಕೆ ಹೊಡಿಯತ್ತೆ, ಹಲ್ಲಿನ ಸೆಟ್ಟು ಲೋಟದಲ್ಲಿ ಬಿಟ್ಟು ಹುಡುಕತ್ತೆ. ನಿನ್ನೋನು ಫೋಟೋದಲ್ಲಿ ಹಾಗೇ ಇದಾನೆ, ಚಿಕ್ಕ ವಯಸ್ಸು, ಚೆಂದದ ಮುಖ, ಕೆಟ್ಟ ಮಾತೊಂದಿಲ್ಲ."

ಬೇಡ ಅಂದದ್ದು ಮಿನ್ನಾ ಎಂದು ಮುದುಕ ಸಾಯುವಾಗಲೂ ಹೇಳಿರಲಿಲ್ಲ. ಮಿನ್ನಾ ಕಲ್ಲಿನ ಕಡೆ ನೋಡಲಿಲ್ಲ, ಟ್ರೂಡೆಯ ಉಬ್ಬಿದ ಮೊಣಕಾಲನ್ನು ನೋಡುತ್ತಿದ್ದಳು.

"ಹಾಗಾದ್ರೆ ಬದಲು ಮಾಡ್ಕೊಳ್ಳೋಣ ಬಾ," ಎಂದಳು. "ಇವತ್ತೇ. ಫೋಟೋ ನೀನು ತಗೋ."

ಟ್ರೂಡೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಪಕ್ಕಕ್ಕೆ ತಿರುಗಿದಾಗ ಮಿನ್ನಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.